ನಿಮಗಿದು ಗೊತ್ತೇ? ಫೋಟೋಗಳ ಗೃಹಪ್ರವೇಶ!

ಪುಣೆಯ ಬುಧವಾರ ಪೇಟೆ. ತಪಕೀರ್ ಗಲ್ಲಿಯ ಗದ್ದಲದಲ್ಲಿ ನುಗ್ಗಿ ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದಿದ್ದೀರಿ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೂತಿದ್ದೀರಿ. ಹತ್ತು ಹದಿನೈದು ವರ್ಷದ ಫೋಟೋಗಳೆಲ್ಲ ಹಳೆಯ ಲ್ಯಾಪ್‌ಟಾಪಿನಿಂದ ಈ ಹೊಸ ಮನೆಗೆ ಬರಬೇಕು. ತಂಗಿಯ ಮದುವೆ, ಗೋಕರ್ಣದ ಪ್ರವಾಸ, ಮಗುವಿನ ಮೊದಲ ಹಲ್ಲು, ಸಿಂಹಗಡದ ಮಳೆ. ಕಾಪಿ ಒತ್ತಿದಿರಿ. ಹಸಿರು ಪಟ್ಟಿ ಮೆಲ್ಲಗೆ ತೆವಳುತ್ತಿದೆ. ತೆವಳಲಿ ಬಿಡಿ! ಅಷ್ಟರೊಳಗೆ ಆ ಪುಟ್ಟ ಡಬ್ಬಿಯ ಕಥೆ ಹೇಳುತ್ತೇನೆ, ಕೇಳಿ.

ಡಿಸ್ಕನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿ. ನಿಮ್ಮ ಫೋನಿಗಿಂತ ಹೆಚ್ಚೇನೂ ಭಾರವಿಲ್ಲ. ಎರಡು ಲಕ್ಷ ಫೋಟೋ ತುಂಬಿದ ಮೇಲೂ ಇಷ್ಟೇ ತೂಕ. ಒಂದು ಗ್ರಾಂ ಕೂಡ ಏರುವುದಿಲ್ಲ!

ಇದರ ಮುತ್ತಜ್ಜ ಹೇಗಿದ್ದ ಗೊತ್ತೇ? ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ. ಮಾಡಿದ್ದು ಐಬಿಎಂ. ರಾಮಾಕ್ ಎಂಬ ಕಂಪ್ಯೂಟರಿನ ಭಾಗ ಅದು. ಎರಡಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು ಗಿರಗಿರ ತಿರುಗುತ್ತಿದ್ದವು. ರೊಟ್ಟಿ ಬೇಯಿಸುವ ದೊಡ್ಡ ಹಂಚುಗಳನ್ನು ಸಾಲಾಗಿ ಪೇರಿಸಿಟ್ಟಂತೆ! ತೂಕ ಸುಮಾರು ಒಂದು ಟನ್. ಅಷ್ಟು ದೊಡ್ಡ ದೇಹದಲ್ಲಿ ಹಿಡಿಯುತ್ತಿದ್ದುದು ಎಷ್ಟು? ನಾಲ್ಕು ಎಂಬಿಗೂ ಕಡಿಮೆ! ಇವತ್ತು ಬೆಳಿಗ್ಗೆ ನೀವು ಫೋನಿನಲ್ಲಿ ತೆಗೆದ ಒಂದು ರಂಗೋಲಿಯ ಫೋಟೋ ಅದರಲ್ಲಿ ಹಿಡಿದರೆ ಹೆಚ್ಚು.

ಡಬ್ಬಿಯ ಮೇಲೆ 1 ಟಿಬಿ ಅಂತ ಬರೆದಿದೆ. ಕಂಪ್ಯೂಟರಿಗೆ ಚುಚ್ಚಿದರೆ 931 ಜಿಬಿ ಅಂತ ತೋರಿಸುತ್ತದೆ. ಉಳಿದ 69 ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ! ಡಿಸ್ಕ್ ಮಾಡುವವರು ಸಾವಿರ ಸಾವಿರವಾಗಿ ಎಣಿಸುತ್ತಾರೆ. ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರಿನಲ್ಲಿ ಅಳೆದು ತಂದ ಅಕ್ಕಿಯನ್ನು ಪಾವಿನಲ್ಲಿ ಅಳೆದರೆ ಅಂಕಿ ಬೇರೆ ಬರುವುದಿಲ್ಲವೇ, ಹಾಗೆ. ಅದೇ ಡಿಸ್ಕನ್ನು ಆಪಲ್‌ನ ಮ್ಯಾಕ್‌ಗೆ ಚುಚ್ಚಿ. ಪೂರಾ 1 ಟಿಬಿ ತೋರಿಸುತ್ತದೆ!

ಅಂದಹಾಗೆ ಟೆರಾ ಎಂಬ ಪದದ ಮೂಲ ಗ್ರೀಕ್. ಅರ್ಥ ದೈತ್ಯ, ರಾಕ್ಷಸ. ನಿಮ್ಮ ಜೇಬಿನಲ್ಲಿ ಕೂತಿರುವುದು ಒಂದು ರಾಕ್ಷಸ ಬೈಟು!

ಪಟ್ಟಿ ಸರಿಯುವಾಗ ಡಿಸ್ಕಿನ ಮೇಲೆ ಬೆರಳಿಡಿ. ಸಣ್ಣ ನಡುಕ ತಾಗುತ್ತದೆ. ಒಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿದೆ. ಅಂದರೆ ಸೆಕೆಂಡಿಗೆ 90 ಸುತ್ತು! ತಟ್ಟೆಯ ಅಂಚಿನ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಸಂಜೆ ಆರು ಗಂಟೆಗೆ ಕರ್ವೆ ರಸ್ತೆಯಲ್ಲಿ ಯಾವ ಸ್ಕೂಟರ್ ಕೂಡ ಅಷ್ಟು ಜೋರಾಗಿ ಹೋಗಲಾರದು.

ತಟ್ಟೆಯ ಮೇಲೆ ಓದುವ ಬರೆಯುವ ತಲೆಯೊಂದು ಓಡಾಡುತ್ತದೆ. ಅದು ತಟ್ಟೆಯನ್ನು ಮುಟ್ಟುವುದಿಲ್ಲ, ತೇಲುತ್ತದೆ. ಎಷ್ಟು ಎತ್ತರದಲ್ಲಿ? ನಿಮ್ಮ ತಲೆಗೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿ. ಆ ಒಂದು ಪಾಲಿಗಿಂತಲೂ ಕಡಿಮೆ ಸಂದು! ಓಡುತ್ತಿರುವ ಡಿಸ್ಕನ್ನು ಎತ್ತಿ ಕುಕ್ಕಬೇಡಿ ಅನ್ನುವುದು ಇದಕ್ಕೇ. ತಲೆ ಹೋಗಿ ತಟ್ಟೆಗೆ ಬಡಿದರೆ ಮದುವೆಯ ಆಲ್ಬಮ್ಮಿಗೇ ಗೀರು ಬಿತ್ತು.

ಆ ತಲೆ ತೇಲುವುದು ಯಾವುದರ ಮೇಲೆ? ಗಾಳಿಯ ಮೇಲೆ! ಹೌದು, ಸಾಮಾನ್ಯ ಹಾರ್ಡ್ ಡಿಸ್ಕ್ ಉಸಿರಾಡುತ್ತದೆ. ಒಳಗಿನ ಲೋಹದ ಪೆಟ್ಟಿಗೆಗೆ ಸೂಜಿಮೊನೆಯಂಥ ಒಂದು ತೂತು ಇರುತ್ತದೆ, ಹಿಂದೆ ಧೂಳು ಸೋಸುವ ಜಾಲರಿ. ತೂತು ಮುಚ್ಚಬೇಡಿ ಅಂತ ಅಲ್ಲೇ ಬರೆದಿರುತ್ತಾರೆ. ಸುಮಾರು 3,000 ಮೀಟರಿಗಿಂತ ಎತ್ತರದಲ್ಲಿ ಇಂಥ ಡಿಸ್ಕ್ ಓಡಿಸಬೇಡಿ ಎಂಬ ಮಾತು ಸಾಮಾನ್ಯವಾಗಿ ಕೈಪಿಡಿಯಲ್ಲೂ ಇರುತ್ತದೆ. ಅಲ್ಲಿ ಗಾಳಿ ತೆಳು, ತಲೆ ಸರಿಯಾಗಿ ತೇಲುವುದಿಲ್ಲ. ಪುಣೆಯಲ್ಲಿ, ಸಿಂಹಗಡದ ತುದಿಯಲ್ಲಿ ಕೂಡ ಚಿಂತೆಯಿಲ್ಲ. ಲೇಹ್ ಪಟ್ಟಣ ಮಾತ್ರ 3,500 ಮೀಟರ್ ಎತ್ತರದಲ್ಲಿದೆ. ಲಡಾಖ್ ಪ್ರವಾಸದ ಫೋಟೋಗಳನ್ನು ಅಲ್ಲೇ ಡಿಸ್ಕಿಗೆ ತುಂಬುವ ಅವಸರ ಬೇಡ!

ಈ ಎತ್ತರದ ತೊಂದರೆ ಯಾರಿಗೆ ಎದುರಾಯಿತು ಗೊತ್ತೇ? ಕಪ್ಪುಕುಳಿಯ ಫೋಟೋ ತೆಗೆದವರಿಗೆ! 2017ರ ಏಪ್ರಿಲ್‌ನಲ್ಲಿ ಜಗತ್ತಿನ ಎಂಟು ರೇಡಿಯೋ ದೂರದರ್ಶಕಗಳು ಒಟ್ಟಿಗೆ ಆಕಾಶ ನೋಡಿದವು. ಎರಡು ಚಿಲಿಯ ಮರುಭೂಮಿಯಲ್ಲಿ, ಎರಡು ಹವಾಯಿಯ ಬೆಟ್ಟದ ಮೇಲೆ, ಒಂದು ದಕ್ಷಿಣ ಧ್ರುವದಲ್ಲಿ. ಹಲವು ಜಾಗಗಳು ಎಷ್ಟು ಎತ್ತರವೆಂದರೆ ಮಾಮೂಲಿ ಡಿಸ್ಕ್ ಅಲ್ಲಿ ಉಸಿರುಗಟ್ಟುತ್ತದೆ. ಅದಕ್ಕೇ ಹೀಲಿಯಂ ಅನಿಲ ತುಂಬಿ ಗಟ್ಟಿಯಾಗಿ ಮುಚ್ಚಿದ ಡಿಸ್ಕುಗಳನ್ನು ಬಳಸಿದರು.

ಸಿಕ್ಕಿದ ದತ್ತಾಂಶ ಸುಮಾರು 5 ಪೆಟಾಬೈಟ್. ನಿಮ್ಮ ಕೈಯಲ್ಲಿರುವಂಥ 5,000 ಡಿಸ್ಕುಗಳಷ್ಟು! ಇಂಟರ್ನೆಟ್ಟಿನಲ್ಲಿ ಕಳಿಸಲು ಸಾಧ್ಯವೇ ಇರಲಿಲ್ಲ. ಅರ್ಧ ಟನ್ ತೂಕದ ಡಿಸ್ಕುಗಳನ್ನು ವಿಮಾನಕ್ಕೆ ಹೇರಿದರು. ದಕ್ಷಿಣ ಧ್ರುವದ ಡಿಸ್ಕುಗಳಂತೂ ತಿಂಗಳುಗಟ್ಟಲೆ ಅಲ್ಲೇ ಕಾದು ಕೂತವು. ಅಲ್ಲಿ ಚಳಿಗಾಲ, ವಿಮಾನವೇ ಇಳಿಯುವುದಿಲ್ಲ! ಕೊನೆಗೆ 2019ರ ಏಪ್ರಿಲ್ 10ರಂದು ಆ ಕಿತ್ತಳೆ ಬಣ್ಣದ ಉಂಗುರ ಜಗತ್ತಿಗೆ ಕಾಣಿಸಿತು. ಒಂದೇ ಒಂದು ಫೋಟೋಗೆ ಅರ್ಧ ಟನ್ ಹಾರ್ಡ್ ಡಿಸ್ಕ್!

ಹಾಡು ಹಾಕಿದರೆ ಡಿಸ್ಕ್ ಕೆಡುತ್ತದೆಯೇ? ನಗಬೇಡಿ, ಒಮ್ಮೆ ಹಾಗಾಗಿದೆ! ಜಾನೆಟ್ ಜಾಕ್ಸನ್ ಅವರ 'ರಿದಮ್ ನೇಷನ್' ಹಾಡು ಹಾಕಿದರೆ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳು ನಿಂತುಹೋಗುತ್ತಿದ್ದವು. ಹಾಡಿನ ಒಂದು ಸ್ವರ ಒಳಗಿನ 5,400 ಸುತ್ತಿನ ಡಿಸ್ಕಿನ ಸಹಜ ಕಂಪನಕ್ಕೆ ಸರಿಹೊಂದಿಬಿಟ್ಟಿತ್ತು. ಹಾಡು ಒಂದು ಲ್ಯಾಪ್‌ಟಾಪಿನಲ್ಲಿ, ಸಾಯುವುದು ಪಕ್ಕದ ಲ್ಯಾಪ್‌ಟಾಪು! ಲ್ಯಾಪ್‌ಟಾಪ್ ಕಂಪನಿಯವರು ಆ ಸ್ವರವನ್ನೇ ಸೋಸಿ ತೆಗೆಯುವ ಏರ್ಪಾಟು ಮಾಡಿದರು.

ಡಿಸ್ಕಿಗೆ ಬೈದರೂ ಕಷ್ಟ! 2008ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ತಂತ್ರಜ್ಞ ಡಿಸ್ಕುಗಳ ಸಾಲಿನ ಮುಂದೆ ನಿಂತು ಜೋರಾಗಿ ಕಿರುಚಿದರು. ಪರದೆಯ ಮೇಲೆ ಡಿಸ್ಕುಗಳ ವೇಗ ಕುಸಿದದ್ದು ಕಣ್ಣಾರೆ ಕಂಡಿತು!

ಪಟ್ಟಿ ಎಷ್ಟಾಯಿತು? ಹತ್ತು ಪರ್ಸೆಂಟ್. ಇನ್ನೂ ಟೈಮಿದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಿಮ್ಮ ಫೋಟೋಗಳಲ್ಲಿ ಬಹುಪಾಲು ಜೆಪೆಗ್ ಎಂಬ ರೂಪದಲ್ಲಿವೆ. ಆ ಜೆಪೆಗ್‌ನ ಹೃದಯ ಬಡಿಯುವುದು ಒಬ್ಬ ಬೆಂಗಳೂರಿಗರ ಗಣಿತದಿಂದ! ಅವರ ಹೆಸರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಓದಿದ್ದು ಸರ್ ಎಂ. ವಿಶ್ವೇಶ್ವರಯ್ಯ ಕಟ್ಟಿದ, ಕೆ.ಆರ್. ಸರ್ಕಲ್‌ನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಆಮೇಲೆ ಅಮೆರಿಕಕ್ಕೆ ಹೋದರು.

1972ರಲ್ಲಿ ಅವರು ಒಂದು ಉಪಾಯ ಹೊಳೆಸಿಕೊಂಡು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಕಾರಣ ಏನು ಗೊತ್ತೇ? ಉಪಾಯ ತೀರಾ ಸರಳವಾಗಿದೆ ಅಂತ! ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿಯೇಬಿಟ್ಟರು. ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಹೆಸರು ಕೇಳಿ ಹೆದರಬೇಡಿ. ಫೋಟೋವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸುವುದು. ಪ್ರತಿ ಚೌಕದಲ್ಲೂ ಕಣ್ಣಿಗೆ ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಬಿಡುವುದು. ಚುಕ್ಕಿ ರಂಗೋಲಿ ಇಟ್ಟವರಿಗೆ ಇದು ಬೇಗ ಹಿಡಿಸುತ್ತದೆ! 12 ಮೆಗಾಪಿಕ್ಸೆಲ್ಲಿನ ಒಂದು ಫೋಟೋದಲ್ಲಿ ಇಂಥ ಚೌಕಗಳು 1,87,500. ಈ ಗಣಿತ ಇಲ್ಲದಿದ್ದರೆ ಅದೇ ಫೋಟೋ ಹತ್ತು ಪಟ್ಟು ಜಾಗ ತಿನ್ನುತ್ತಿತ್ತು. ಹಸಿರು ಪಟ್ಟಿ ಇವತ್ತಲ್ಲ, ವಾರವಿಡೀ ತೆವಳುತ್ತಿತ್ತು!

ಮಕ್ಕಳು ವಿದೇಶದಿಂದ ವಿಡಿಯೋ ಕಾಲ್ ಮಾಡುತ್ತಾರಲ್ಲ, ಅದರೊಳಗೂ ಅದೇ ಗಣಿತ. ಅಮೆರಿಕದ 'ದಿಸ್ ಈಸ್ ಅಸ್' ಎಂಬ ಜನಪ್ರಿಯ ಧಾರಾವಾಹಿ ನಾಸಿರ್ ಅವರ ಕಥೆಯನ್ನೂ ತೋರಿಸಿತು. ಯುವಿಸಿಇ ಮುಂದೆ ದಿನಾ ಬಸ್ಸು ಹತ್ತುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಇವತ್ತೇ ನಾಲ್ಕು ಜನಕ್ಕೆ ಹೇಳಿ!

ಫೋಟೋ ಸಂಗ್ರಹ ತೆರೆದರೆ ಅರ್ಧಕ್ಕರ್ಧ ಮಗುವಿನ ಫೋಟೋಗಳೇ, ಹೌದು ತಾನೇ? ಜಗತ್ತಿನಲ್ಲಿ ಮೊಟ್ಟಮೊದಲು ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಸೇರಿದ ಫೋಟೋ ಕೂಡ ಮಗುವಿನದೇ! 1957ರಲ್ಲಿ ರಸೆಲ್ ಕಿರ್ಷ್ ಎಂಬ ಅಮೆರಿಕದ ವಿಜ್ಞಾನಿ ತನ್ನ ಮೂರು ತಿಂಗಳ ಮಗನ ಫೋಟೋವನ್ನು ಕಂಪ್ಯೂಟರಿಗೆ ಓದಿಸಿದರು. ಉದ್ದ 176 ಚುಕ್ಕಿ, ಅಗಲ 176 ಚುಕ್ಕಿ, ಕಪ್ಪು ಬಿಳುಪು. ಅಪ್ಪಂದಿರು ಅಂದರೆ ಎಲ್ಲ ಕಾಲದಲ್ಲೂ ಅಪ್ಪಂದಿರೇ!

ಮೊದಲ ಡಿಜಿಟಲ್ ಕ್ಯಾಮೆರಾ ಫೋಟೋ ಬರೆದಿಟ್ಟದ್ದು ಎಲ್ಲಿ ಗೊತ್ತೇ? ಹಾಡು ಕೇಳುವ ಟೇಪಿನ ಕ್ಯಾಸೆಟ್ಟಿನಲ್ಲಿ! 1975, ಕೊಡಾಕ್ ಕಂಪನಿ, ಎಂಜಿನಿಯರ್ ಸ್ಟೀವನ್ ಸ್ಯಾಸನ್. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್!

ಮೊಬೈಲಿನ ಡಿಸಿಐಎಂ ಫೋಲ್ಡರ್ ನೋಡಿದ್ದೀರಲ್ಲ? ಯಾವ ಕಂಪನಿಯ ಕ್ಯಾಮೆರಾ ತೆಗೆದುಕೊಳ್ಳಿ, ಅದೇ ಹೆಸರು. ಕ್ಯಾಮೆರಾ ಕಂಪನಿಗಳೆಲ್ಲ ಪಾಲಿಸುವ ಒಂದೇ ನಿಯಮ ಅದು. ಅದೇ ನಿಯಮದಲ್ಲಿ ಫೋಟೋದ ಹೆಸರಿಗೆ ನಾಲ್ಕು ಅಕ್ಷರ, ನಾಲ್ಕು ಅಂಕಿ ಮಾತ್ರ. ಹಾಗಾಗಿ 9,999 ಆದ ಮೇಲೆ ಕ್ಯಾಮೆರಾ ಮತ್ತೆ 0001ರಿಂದ ಶುರು ಮಾಡುತ್ತದೆ. 2012ರ ದಸರಾ ಗೊಂಬೆಗೂ 2016ರ ಗಣಪತಿ ವಿಸರ್ಜನೆಗೂ ಒಂದೇ ಹೆಸರು! ಎರಡನ್ನೂ ಒಂದೇ ಫೋಲ್ಡರಿಗೆ ಸುರಿದಾಗ ಕಂಪ್ಯೂಟರ್ ಕೇಳುತ್ತದೆ, ಹಳೆಯದನ್ನು ಅಳಿಸಲೇ ಅಂತ. ದಯವಿಟ್ಟು ಅಲ್ಲಿ ಅವಸರದಲ್ಲಿ ಹೂಂ ಅನ್ನಬೇಡಿ. ವರ್ಷಕ್ಕೊಂದು ಫೋಲ್ಡರ್ ಮಾಡಿ.

ಸಾಗಿಸಿದ ಫೋಟೋ ಒಂದರ ಮೇಲೆ ಬಲ ಗುಂಡಿ ಒತ್ತಿ ವಿವರ ನೋಡಿ. ಹುಟ್ಟಿದ ದಿನ ಇವತ್ತು. ಕೊನೆಯ ಬಾರಿ ಬದಲಾದದ್ದು 2013! ಹುಟ್ಟುವ ಮೊದಲೇ ಬದಲಾದ ಫೋಟೋ! ವಿಂಡೋಸಿನ ಲೆಕ್ಕದಲ್ಲಿ ಹೊಸ ಡಿಸ್ಕಿಗೆ ಬಂದ ಗಳಿಗೆಯೇ ಜನ್ಮದಿನ. ಹೆದರಬೇಡಿ, ನಿಜವಾದ ಜಾತಕ ಫೋಟೋದ ಒಳಗೇ ಇದೆ. ಎಕ್ಸಿಫ್ ಅಂತ ಅದರ ಹೆಸರು. ತೆಗೆದ ದಿನ, ಗಂಟೆ, ಕ್ಯಾಮೆರಾದ ಹೆಸರು, ಕೆಲವೊಮ್ಮೆ ಜಾಗದ ಅಕ್ಷಾಂಶ ರೇಖಾಂಶ ಕೂಡ. ಎಷ್ಟು ಮನೆ ಬದಲಿಸಿದರೂ ಅದು ಜೊತೆಯಲ್ಲೇ ಬರುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋಗಳಲ್ಲಿ ಹುಡುಕಬೇಡಿ. ದಾರಿಯಲ್ಲೇ ಜಾತಕ ಉದುರಿಹೋಗಿರುತ್ತದೆ!

ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡಿ, ಏನೂ ತೊಂದರೆಯಿಲ್ಲ. ಒಂದು ಮಜಾ ಮಾತ್ರ ನೋಡಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. 'ಸ್ತ್ರೀ' ಬರೆಯಿರಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು ಗುರುತು, 18 ಬೈಟ್! ಭಾರತದ ಭಾಷೆಗಳನ್ನು ಕಂಪ್ಯೂಟರಿಗೆ ಕಲಿಸಿದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು ಇದೇ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ. 1991ರಲ್ಲಿ ಪರಮ್ 8000 ಎಂಬ ಸೂಪರ್ ಕಂಪ್ಯೂಟರ್ ಕಟ್ಟಿದ್ದೂ ಅವರೇ.

ಒಂದೇ ಡಿಸ್ಕಿನೊಳಗೆ ಫೋಲ್ಡರಿನಿಂದ ಫೋಲ್ಡರಿಗೆ ಸಾಗಿಸಿ ನೋಡಿ. ಸಾವಿರ ಫೋಟೋ ಕಣ್ಣುಮಿಟುಕಿಸುವಷ್ಟರಲ್ಲಿ ಹೋಯಿತು! ಯಾಕೆ? ಯಾವ ಫೋಟೋವೂ ಕದಲಲೇ ಇಲ್ಲ. ಬದಲಾದದ್ದು ವಿಳಾಸ ಮಾತ್ರ. ಬೇರೆ ಡಿಸ್ಕಿಗಾದರೆ ಒಂದೊಂದು ಚುಕ್ಕಿಯನ್ನೂ ಹೊತ್ತು ಸಾಗಿಸಲೇಬೇಕು. ಅದಕ್ಕೇ ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ನಡುವೆ ಕರೆಂಟು ಹೋದರೂ ಹಳೆಯ ಮನೆಯಲ್ಲಿ ಎಲ್ಲರೂ ಕ್ಷೇಮ.

ಹತ್ತು ಸಾವಿರ ಪುಟ್ಟ ಫೋಟೋಗಳಿಗಿಂತ ಅಷ್ಟೇ ಗಾತ್ರದ ಒಂದೇ ವಿಡಿಯೋ ಬೇಗ ಹೋಗುತ್ತದೆ. ಒಬ್ಬೊಬ್ಬರ ಹೆಸರನ್ನೂ ವಹಿಯಲ್ಲಿ ಬರೆದುಕೊಳ್ಳುವುದಕ್ಕೇ ಅಷ್ಟು ಹೊತ್ತು!

ಹಳೆಯ ಪೆನ್ ಡ್ರೈವಿನಲ್ಲಿ ಬೇಕಾದಷ್ಟು ಜಾಗ ಇದ್ದರೂ ಮದುವೆಯ ವಿಡಿಯೋ ಹಿಡಿಯಲೊಲ್ಲದೇ? ಫ್ಯಾಟ್32 ಎಂಬ ಹಳೆಯ ಕಟ್ಟುಪಾಡು ಅದು. 4 ಜಿಬಿಗಿಂತ ದೊಡ್ಡ ಫೈಲನ್ನು ಬಾಗಿಲಲ್ಲೇ ತಡೆಯುತ್ತದೆ! ಹೊಸ ಡಿಸ್ಕನ್ನು ವಿಂಡೋಸಿಗೂ ಮ್ಯಾಕ್‌ಗೂ ಬಳಸುವುದಾದರೆ ಎಕ್ಸ್‌ಫ್ಯಾಟ್ ರೂಪ ಕೊಡಿ. ನೆನಪಿಡಿ, ಖಾಲಿ ಇರುವಾಗಲೇ ಕೊಡಬೇಕು, ತುಂಬಿದ ಮೇಲೆ ಕೊಟ್ಟರೆ ಎಲ್ಲವೂ ಅಳಿಸಿಹೋಗುತ್ತದೆ.

ಡಿಸ್ಕಿಗೆ ಚುಚ್ಚಿರುವ ಯುಎಸ್‌ಬಿ ಕೇಬಲ್ ಇದೆಯಲ್ಲ, ಅದನ್ನು ರೂಪಿಸಿದ ತಂಡದ ಮುಂದಾಳು ವಡೋದರಾದಲ್ಲಿ ಓದಿದ ಅಜಯ್ ಭಟ್! ಇಂಟೆಲ್ ಕಂಪನಿಯಲ್ಲಿದ್ದವರು. ಯುಎಸ್‌ಬಿ 1996ರಲ್ಲಿ ಹೊರಬಂತು. ಫೋಟೋ ಬೆಂಗಳೂರಿನ ಗಣಿತ, ಕೇಬಲ್ ಗುಜರಾತಿನ ತಲೆ!

ಪಟ್ಟಿ ತೀರಾ ನಿಧಾನವೇ? ಪಾರಿವಾಳ ಕರೆಸಿ! 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಿಜವಾಗಿಯೂ ಪಂದ್ಯ ನಡೆಯಿತು. ಒಂದು ಕಡೆ ಇಂಟರ್ನೆಟ್, ಇನ್ನೊಂದು ಕಡೆ ಕಾಲಿಗೆ 4 ಜಿಬಿ ಕಾರ್ಡ್ ಕಟ್ಟಿಕೊಂಡ ವಿನ್‌ಸ್ಟನ್ ಎಂಬ ಪಾರಿವಾಳ. ದೂರ 80 ಕಿಲೋಮೀಟರ್. ವಿನ್‌ಸ್ಟನ್ ಒಂದು ಗಂಟೆ ಎಂಟು ನಿಮಿಷದಲ್ಲಿ ಡರ್ಬನ್‌ಗೆ ಬಂದಿಳಿಯಿತು. ಕಾರ್ಡಿನಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಯೂ ಆಯಿತು. ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಬಂದಿದ್ದು ನೂರಕ್ಕೆ ನಾಲ್ಕು ಪಾಲು!

ಒಂದೇ ಫೋಟೋದ ಮೂರು ನಾಲ್ಕು ಪ್ರತಿ ಸಿಕ್ಕಿ ತಲೆ ಕೆಟ್ಟಿದೆಯೇ? ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆಯವರನ್ನು ನೆನೆಯಿರಿ. ಮಹಾಭಾರತದ 1,259 ಹಸ್ತಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು. 1919ರಲ್ಲಿ ಕೂತವರು ಮುಗಿಸಿ ಎದ್ದದ್ದು 1966ರಲ್ಲಿ. 47 ವರ್ಷ! ನಿಮಗೆ ಒಂದು ಮಧ್ಯಾಹ್ನ ಸಾಕು.

ಆದರೆ ಕೆಲವು ನಕಲು ಇರಲೇಬೇಕು. 1998ರಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಆಜ್ಞೆಗೆ ಚಿತ್ರದ ಹೆಚ್ಚಿನ ಭಾಗ ಅಳಿಸಿಹೋಯಿತು. ಬ್ಯಾಕಪ್ ನೋಡಿದರೆ ಅದೂ ಕೆಟ್ಟು ಕೂತಿತ್ತು! ಉಳಿಸಿದ್ದು ಒಬ್ಬ ಬಾಣಂತಿ. ಗೇಲಿನ್ ಸುಸ್‌ಮನ್ ಹೆರಿಗೆಯಾದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿ ಸುತ್ತಿ, ಕಾರಿನಲ್ಲಿ ಕೂರಿಸಿ, ಮಗುವನ್ನು ತಂದಂತೆ ತಂದರು!

ಪ್ರತಿ ಮಾಡಿಸುವುದರಲ್ಲಿ ನಮ್ಮ ಅತ್ತಿಮಬ್ಬೆಯನ್ನು ಮೀರಿಸಿದವರುಂಟೇ? ಸಾವಿರ ವರ್ಷದ ಹಿಂದೆ, ಅಚ್ಚಿನ ಮೊಳೆಯೂ ಇಲ್ಲದ ಕಾಲದಲ್ಲಿ, ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೊಂದು ಅಕ್ಷರವೂ ಕೈಯಲ್ಲೇ! ಇವತ್ತಿನ ಫೋಟೋಗ್ರಾಫರ್ ಪೀಟರ್ ಕ್ರೋ ಕೇಳುವುದು ಬರೀ ಮೂರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಾಚೆ. ಆ ಒಂದನ್ನು ಧಾರವಾಡದ ಅಣ್ಣನ ಮನೆಗೆ ಕಳಿಸಿ. ಪುಣೆಯ ಹಿರಿಯರಿಗೆ ಇದರ ಬೆಲೆ ಗೊತ್ತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನೀರು ಹಳೆಯ ಪೇಟೆಗಳಿಗೆ ನುಗ್ಗಿತ್ತು. ಗೋಡೆಯ ಮೇಲಿನ ಫೋಟೋಗಳನ್ನೂ ಬಿಡಲಿಲ್ಲ.

ಈಗ ಲಾ ಕಾಲೇಜ್ ರಸ್ತೆಗೆ ಬನ್ನಿ. ಭಾರತದ ಅತಿ ದೊಡ್ಡ ಚಿತ್ರ ಭಂಡಾರ ಇಲ್ಲೇ ಇದೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಅದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಊರೂರು ತಿರುಗಿ ಸಾವಿರಾರು ಚಿತ್ರಗಳನ್ನು ಹುಡುಕಿ ತಂದರು. ಫಾಲ್ಕೆಯವರ 1913ರ 'ರಾಜಾ ಹರಿಶ್ಚಂದ್ರ'ದ ನಾಲ್ಕು ರೀಲುಗಳಲ್ಲಿ ಇಂದು ಇಲ್ಲಿರುವುದು ಮೊದಲನೆಯದು ಮತ್ತು ಕೊನೆಯದು ಮಾತ್ರ. ಇಲ್ಲಿನ ರೀಲುಗಳು ನಮ್ಮ ಮಲೆನಾಡಿಗೂ ಬರುತ್ತಿದ್ದವು. ಹೆಗ್ಗೋಡಿನ ನೀನಾಸಂನಲ್ಲಿ ಹಳ್ಳಿಯ ಜನ ಕೂತು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿದರು!

ಹಳೆಯ ನೈಟ್ರೇಟ್ ರೀಲಿಗೆ ಬೆಂಕಿ ಬಿದ್ದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ ಗೊತ್ತೇ? ಬೇಕಾದ ಆಮ್ಲಜನಕವನ್ನು ಅದೇ ಹುಟ್ಟಿಸಿಕೊಳ್ಳುತ್ತದೆ! 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣದಲ್ಲಿ ಅಂಥ ಬೆಂಕಿ ಬಿತ್ತು. 600ಕ್ಕೂ ಹೆಚ್ಚು ಚಿತ್ರಗಳ 5,000ಕ್ಕೂ ಹೆಚ್ಚು ರೀಲುಗಳು ಬೂದಿಯಾದವು. ಮುಂದೆ ಬಂದ ಅಸಿಟೇಟ್ ರೀಲು ಹಾಗೆ ಭಗ್ಗನೆ ಉರಿಯುವುದಿಲ್ಲ. ಆದರೆ ಕೊಳೆಯುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ!

ನಮ್ಮ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ತೆರೆಕಂಡದ್ದು 1934ರ ಮಾರ್ಚ್ 3. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಒಂದೇ ಒಂದು ಪ್ರತಿ ಯಾರ ಅಟ್ಟದಲ್ಲಾದರೂ ಇದ್ದಿದ್ದರೆ!

ಆದರೆ ಇದನ್ನೂ ಕೇಳಿ. ಗಿರೀಶ್ ಕಾಸರವಳ್ಳಿ ಸಿನಿಮಾ ಕಲಿತದ್ದು ಪುಣೆಯಲ್ಲಿ. ಅವರ 'ಘಟಶ್ರಾದ್ಧ' 1977ರದು. ಅದರ ಮೂಲ ನೆಗೆಟಿವ್ ಪುಣೆಯ ಇದೇ ಸಂಗ್ರಹಾಲಯದಲ್ಲಿ ಜೋಪಾನವಾಗಿತ್ತು. ಅದನ್ನು ಡಿಜಿಟಲ್ ಮಾಡಿ, ಗೀರು ಕಲೆ ತೆಗೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 47 ವರ್ಷದ ಮೇಲೆ ಹೊಚ್ಚ ಹೊಸ ಚಿತ್ರ!

ಓ, ಪಟ್ಟಿ ತುಂಬಿತು! ತಡೆಯಿರಿ, ಕೇಬಲ್ ಕೀಳಬೇಡಿ. ಪರದೆ ಮುಗಿಯಿತು ಅಂದರೂ ಕೊನೆಯ ಒಂದಷ್ಟು ಫೋಟೋ ಇನ್ನೂ ತಾತ್ಕಾಲಿಕ ನೆನಪಿನಲ್ಲಿ, ಹೊಸ್ತಿಲ ಮೇಲೆ ನಿಂತಿರಬಹುದು. ಇಜೆಕ್ಟ್ ಒತ್ತಿ, ಒಳಗೆ ಕರೆಯಿರಿ. ಆಮೇಲೆ ಕೇಬಲ್ ತೆಗೆಯಿರಿ.

ಅಕಸ್ಮಾತ್ ಓಡುತ್ತಿರುವಾಗಲೇ ಕರೆಂಟು ಹೋದರೆ ಆ ತೇಲುವ ತಲೆ ತಟ್ಟೆಯ ಮೇಲೆ ಬೀಳಬೇಕಲ್ಲವೇ? ಬೀಳುವುದಿಲ್ಲ! ತಟ್ಟೆ ಇನ್ನೂ ತನ್ನ ಓಟದ ಬಿರುಸಿನಲ್ಲಿ ತಿರುಗುತ್ತಿರುತ್ತದೆ. ಅದನ್ನು ತಿರುಗಿಸುತ್ತಿದ್ದ ಮೋಟಾರೇ ಆ ಗಳಿಗೆಯಲ್ಲಿ ಡೈನಮೋ ಆಗುತ್ತದೆ. ಹಳೆಯ ಸೈಕಲ್ಲಿನ ದೀಪ ಹೊತ್ತುತ್ತಿತ್ತಲ್ಲ, ಅದೇ ಡೈನಮೋ! ಆ ಚೂರು ವಿದ್ಯುತ್ತಿನಲ್ಲಿ ತಲೆ ತನ್ನ ಗೂಡಿಗೆ ಓಡಿಹೋಗಿ ಕೂರುತ್ತದೆ. ಈಗ ಡಿಸ್ಕನ್ನು ಮೆಲ್ಲಗೆ ಎತ್ತಿ ಕಿವಿಯ ಹತ್ತಿರ ಹಿಡಿಯಿರಿ. ಇನ್ನೂ ಬೆಚ್ಚಗಿದೆ. ಒಂದು ಸಣ್ಣ ಟಿಕ್. ಹಿಂದೆಯೇ ಸುಂಯ್ ಎಂಬ ಸದ್ದು ಇಳಿಯುತ್ತಾ ಬರುತ್ತದೆ. ಕೇಳಿಸಿತಾ?